ಹಳೆಯ ಆಟಗಳ ಹೊಸ ಡಬ್ಬಿ

ಪ್ರತಿ ಮನೆಯಲ್ಲೂ ಏನನ್ನಾದರೂ ಕೂಡಿಡುವವರು ಒಬ್ಬರಾದರೂ ಇದ್ದೇ ಇರುತ್ತಾರೆ, ಅಲ್ಲವೇ ಸೋದರಿಯರೇ? ಒಬ್ಬರಿಗೆ ಹಳೇ ನಾಣ್ಯ, ಒಬ್ಬರಿಗೆ ಅಂಚೆಚೀಟಿ, ಇನ್ನೊಬ್ಬರಿಗೆ ಮದುವೆಯ ಕರೆಯೋಲೆ. ನಾನೇನು ಕಡಿಮೆಯೇ? ನಮ್ಮ ಸಾಗರದ ಕಡೆಯ ಹೆಂಗಸರಿಗೆಲ್ಲ ಇರುವ ಅಪ್ಪೆಮಿಡಿ ಹುಚ್ಚು ನನಗೂ ಇದೆ. ಯಾವ ಹೊಳೆದಂಡೆಯ ಮರದ ಮಿಡಿಗೆ ಜೀರಿಗೆ ಘಮ, ಯಾವುದಕ್ಕೆ ಕರ್ಪೂರದ ಘಮ ಎಲ್ಲ ಬಾಯಿಪಾಠ. ಹೋದ ವರ್ಷದ ಭರಣಿ ಮುಗಿಯದಿದ್ದರೂ ಈ ವರ್ಷದ ಮಿಡಿ ಬಂದೇ ಬರುತ್ತದೆ. ಆದ್ದರಿಂದ ಕೂಡಿಡುವವರನ್ನು ಕಂಡರೆ ನನಗೆ ಒಳಗೊಳಗೇ ಸ್ವಲ್ಪ ಪಕ್ಷಪಾತ.

ನನ್ನ ತಮ್ಮ ಕೂಡಿಡುವುದು ಹಳೆಯ ವಿಡಿಯೋ ಗೇಮುಗಳನ್ನು. ಅದರಲ್ಲೂ ಅವುಗಳ ಸಂಕಲನಗಳನ್ನು. ಕಥಾಸಂಕಲನ ಇರುತ್ತದಲ್ಲ, ಹಾಗೆಯೇ ಮೂವತ್ತು ನಲವತ್ತು ವರ್ಷ ಹಿಂದಿನ ಹತ್ತಾರು ಆಟಗಳನ್ನು ಒಂದೇ ಡಿಸ್ಕಿಗೆ ಹಾಕಿ ಕಂಪನಿಯವರು ಮತ್ತೆ ಮಾರುತ್ತಾರೆ. ಬೆಂಗಳೂರಿನ ಅವನ ಮನೆಯಲ್ಲಿ ಒಂದು ಕಪಾಟಿನ ತುಂಬ ಇವೇ. ಅವನ ಹೆಂಡತಿ ಒಂದು ದಿನ ಫೋನು ಮಾಡಿ, "ಅತ್ತಿಗೆ, ಒಂದೇ ಆಟಕ್ಕೆ ನಾಲ್ಕು ಸಲ ದುಡ್ಡು ಸುರಿದಿದ್ದಾರೆ. ಮಗಳ ಕಾಲೇಜು ಫೀಸು ಕಟ್ಟುವ ತಿಂಗಳೇ ಇನ್ನೊಂದು ಪೆಟ್ಟಿಗೆ ಬಂತು. ನೀವಾದರೂ ಒಂದು ಮಾತು ಹೇಳಿ" ಅಂದಳು. ಗಂಟಲು ಕಟ್ಟಿತ್ತು ಪಾಪ. ದುಡ್ಡಿನ ಮಾತು ಬಂದಾಗ ಮನೆ ಎಷ್ಟು ಬೇಗ ಬಿಸಿಯಾಗುತ್ತದೆಂದು ನಿಮಗೆ ನಾನು ಹೇಳಬೇಕೆ? ಆದರೆ ಬುದ್ಧಿ ಹೇಳುವ ಮೊದಲು ವಿಷಯ ತಿಳಿಯಬೇಕಲ್ಲ. ಬೇಸಿಗೆ ರಜೆಯಲ್ಲಿ ಒಂದು ವಾರ ಹೋಗಿದ್ದೆ. ಎಸ್ಸೆಸ್ಸೆಲ್ಸಿ ಓದಿದ ಅಕ್ಕನಿಗೆ ತಿಳಿಯುವ ಹಾಗೆ ಎಲ್ಲ ಹೇಳು ಅಂತ ತಮ್ಮನ ಎದುರು ಕೂತೆ.

ನಮ್ಮ ಕಾಲದ ನೆನಪಿದೆಯೇ ನಿಮಗೆ? 90ರ ದಶಕದಲ್ಲಿ ಟಿವಿಗೆ ಸಿಕ್ಕಿಸಿ ಆಡುವ ಯಂತ್ರ ನಮ್ಮ ಊರುಗಳಿಗೂ ಬಂದಿತ್ತು. ಜಪಾನಿನ ನಿಂಟೆಂಡೋ ಕಂಪನಿ 1983ರಲ್ಲಿ ಹೊರತಂದ ಯಂತ್ರದ ನಕಲುಗಳು ಅವು. ಅದಕ್ಕೆ ಹಾಕುವುದನ್ನು ನಾವೆಲ್ಲ 'ಕ್ಯಾಸೆಟ್ಟು' ಅನ್ನುತ್ತಿದ್ದೆವು. ಕ್ಯಾಸೆಟ್ಟಿನ ಮೇಲೆ 9999 ಆಟ ಅಂತ ದಪ್ಪಕ್ಷರ, ಒಳಗೆ ನೋಡಿದರೆ ಕೆಲವೇ ಆಟಗಳು ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ! ಅದೂ ಒಂದು ಬಗೆಯ ಸಂಕಲನವೇ ಅನ್ನಿ, ಯಾರ ಅಪ್ಪಣೆಯೂ ಇಲ್ಲದೆ ಮಾಡಿದ್ದು. ತಮ್ಮನ ಹುಚ್ಚಿಗೆ ಬೀಜ ಬಿದ್ದದ್ದು ಅಲ್ಲಿಯೇ.

ಈಗಿನ ಸಂಕಲನಗಳು ಆಟ ಮಾಡಿದ ಕಂಪನಿಗಳದೇ, ಅಥವಾ ಅವರ ಒಪ್ಪಿಗೆ ಪಡೆದವರದು. ಜಪಾನಿನ ನ್ಯಾಮ್ಕೋ ಕಂಪನಿ 1995ರಲ್ಲಿ 'ನ್ಯಾಮ್ಕೋ ಮ್ಯೂಸಿಯಂ' ಅಂತ ಶುರುಮಾಡಿತು. ಹೆಸರಿಗೆ ತಕ್ಕ ಹಾಗೆ ಅದರೊಳಗೆ ಒಂದು ವಸ್ತುಸಂಗ್ರಹಾಲಯದಲ್ಲಿ ಓಡಾಡಿದ ಹಾಗೆ ಓಡಾಡಿ ಆಟ ಆರಿಸಿಕೊಳ್ಳಬೇಕು. ಒಂದರಿಂದ ಐದನೆಯ ಸಂಪುಟದವರೆಗೆ ಒಂದೊಂದರ ರಕ್ಷಾಪುಟದ ಮೇಲೂ ಒಂದೊಂದು ಇಂಗ್ಲಿಷ್ ಅಕ್ಷರ. ಐದನ್ನೂ ಸಾಲಾಗಿ ಇಟ್ಟರೆ ಕಂಪನಿಯ ಹೆಸರಾಗುತ್ತದೆ. ನಾಲ್ಕು ಇದ್ದು ಒಂದು ಇಲ್ಲದಿದ್ದರೆ ಕೂಡಿಡುವವನಿಗೆ ನಿದ್ದೆ ಹತ್ತುವುದೇ ಹೇಳಿ? ಆರು ಲೋಟದ ಸೆಟ್ಟಿನಲ್ಲಿ ಒಂದು ಒಡೆದರೆ ನಮಗೆ ಆಗುವ ಸಂಕಟವೇ ಅದು.

ಎಲ್ಲವೂ ಬರಿಯ ವ್ಯಾಪಾರವಲ್ಲ. 2022ರ ನವೆಂಬರಿನಲ್ಲಿ ಬಂದ 'ಅಟಾರಿ 50' ಎಂಬುದನ್ನು ತಮ್ಮ ತೋರಿಸಿದ. ಅಮೆರಿಕದ ಅಟಾರಿ ಕಂಪನಿಗೆ ಐವತ್ತು ತುಂಬಿದ ನೆನಪಿಗೆ ಮಾಡಿದ್ದು. ನೂರಕ್ಕೂ ಹೆಚ್ಚು ಆಟ, ಜೊತೆಗೆ ಮಾಡಿದವರ ಮಾತು, ಹಳೆಯ ಚಿತ್ರ, ಕಾಗದಪತ್ರ, ಎಲ್ಲವೂ ವರ್ಷಾನುಕ್ರಮದಲ್ಲಿ. ನನಗೆ ಅದು ಆಟಕ್ಕಿಂತ ಹೆಚ್ಚಾಗಿ ಒಂದು ಮನೆತನದ ಆಲ್ಬಂ ಹಾಗೆ ಕಂಡಿತು.

"ಹಳೆಯ ಯಂತ್ರವೇ ಇಲ್ಲದೆ ಹಳೆಯ ಆಟ ಹೊಸದರಲ್ಲಿ ನಡೆಯುವುದು ಹೇಗಪ್ಪ?" ಅಂತ ಕೇಳಿದೆ. ಅದಕ್ಕೆ ಎಮ್ಯುಲೇಟರ್ ಎಂಬ ಪ್ರೋಗ್ರಾಂ ಇದೆಯಂತೆ. ಹೊಸ ಯಂತ್ರದೊಳಗೆ ಕೂತು ತಾನೇ ಹಳೆಯ ಯಂತ್ರ ಎಂಬ ಹಾಗೆ ನಡೆದುಕೊಳ್ಳುತ್ತದೆ. ಆಟಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ನನಗೆ ಕೂಡಲೇ ಹೊಳೆದದ್ದು ಕಸಿ. ಹೊಳೆದಂಡೆಯ ಮೂಲ ಮರ ಮಳೆಗೆ ಬಿದ್ದುಹೋದರೂ ಅದರ ಕುಡಿ ತಂದು ಬೇರೆ ಗಿಡಕ್ಕೆ ಕಟ್ಟಿದ್ದರೆ ಅದೇ ಜೀರಿಗೆ ಘಮದ ಮಿಡಿ ಸಿಗುತ್ತದೆ. ಕಟ್ಟದಿದ್ದರೆ ಆ ಜಾತಿಯೇ ಹೋಯಿತು. ಹಾಗೆ ಹೋದವು ಎಷ್ಟೋ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕಿಂತ ಮೊದಲು ಆ ದೇಶದಲ್ಲಿ ಬಂದ ಆಟಗಳಲ್ಲಿ ಶೇಕಡಾ 87ರಷ್ಟು ಅಂಗಡಿಯಲ್ಲಿ ಕೊಳ್ಳಲು ಸಿಗುತ್ತಿರಲಿಲ್ಲ.

ಸರಿ, ಒಂದೇ ಆಟವನ್ನು ನಾಲ್ಕು ಸಲ ಏಕೆ ಕೊಳ್ಳಬೇಕು? ಇದೇ ತಾನೇ ಮುಖ್ಯ ಪ್ರಶ್ನೆ. ಇದಕ್ಕೆ ತಮ್ಮ ಹೇಳಿದ ಕಥೆ ನೀವು ಕೇಳಲೇಬೇಕು, ಏಕೆಂದರೆ ಅದು ಒಬ್ಬ ಹೆಂಗಸಿನ ಕಥೆ.

'ಪ್ಯಾಕ್ ಮ್ಯಾನ್' ಎಂಬ ಆಟ 1980ರದು. ಹಳದಿ ಬಣ್ಣದ ಒಂದು ದುಂಡು ಬಾಯಿ ಚುಕ್ಕಿಗಳನ್ನು ತಿನ್ನುತ್ತ ಓಡುತ್ತದೆ, ಬಣ್ಣಬಣ್ಣದ ಭೂತಗಳು ಬೆನ್ನಟ್ಟುತ್ತವೆ. ಮಾಡಿದವರು ತೋರು ಇವಾತಾನಿ ಎಂಬ ಜಪಾನಿನವರು. ಆಗ ಆಟದ ಅಂಗಡಿಗಳೆಂದರೆ ಗಂಡಸರ ಅಡ್ಡೆ. ಹೆಣ್ಣುಮಕ್ಕಳೂ ಬಂದು ಆಡುವಂಥ ಆಟ ಬೇಕು, ತಿನ್ನುವ ವಿಷಯವಾದರೆ ಅವರಿಗೆ ಹಿಡಿಸೀತು ಎಂದು ಯೋಚಿಸಿದರಂತೆ. ಒಂದು ತುಂಡು ತೆಗೆದ ಪಿಜ್ಜಾದಿಂದ ಆ ಆಕಾರ ಹೊಳೆಯಿತೆಂದು ಅವರೇ ಹೇಳಿದ್ದಾರೆ. ತಿನ್ನುವುದು ನಮಗಿಂತ ಗಂಡಸರಿಗೇ ಹೆಚ್ಚು ಇಷ್ಟ ಎಂದು ನಮ್ಮನ್ನು ಕೇಳಿದ್ದರೆ ಹೇಳುತ್ತಿದ್ದೆವು, ಅದಿರಲಿ. ಅಮೆರಿಕದಲ್ಲಿ 1982ರ ಹೊತ್ತಿಗೆ 'ಮಿಸ್ ಪ್ಯಾಕ್ ಮ್ಯಾನ್' ಬಂದಳು. ತಲೆಗೆ ಕೆಂಪು ರಿಬ್ಬನ್ನು, ಒಂದರ ಬದಲು ನಾಲ್ಕು ಬಗೆಯ ದಾರಿಗಳು. ಗಂಡನಿಗಿಂತ ಹೆಂಡತಿಯ ಆಟವೇ ಚೆಂದ ಎನ್ನುವವರು ಇವತ್ತಿಗೂ ಇದ್ದಾರೆ.

ಆದರೆ ಅವಳನ್ನು ಮೊದಲು ರೂಪಿಸಿದ್ದು ಬೇರೆ ಕಂಪನಿ. ಅವಳ ರಾಯಲ್ಟಿ ಹಕ್ಕಿನ ವಿಷಯ 2019ರಲ್ಲಿ ಕೋರ್ಟು ಮೆಟ್ಟಿಲು ಹತ್ತಿತು. 2022ರಲ್ಲಿ ಬಂದ 'ಪ್ಯಾಕ್ ಮ್ಯಾನ್ ಮ್ಯೂಸಿಯಂ ಪ್ಲಸ್' ಎಂಬ ಸಂಕಲನದಲ್ಲಿ ಅವಳೇ ಇಲ್ಲ! ಅದರೊಳಗಿನ 'ಪ್ಯಾಕ್ ಲ್ಯಾಂಡ್' ಎಂಬ ಹಳೆಯ ಆಟದಲ್ಲಿ ಸಂಸಾರ ಸಮೇತ ಇದ್ದವಳನ್ನು ತೆಗೆದು 'ಪ್ಯಾಕ್ ಮಾಮ್' ಎಂಬ ಬೇರೊಬ್ಬಳನ್ನು ನಿಲ್ಲಿಸಿದ್ದಾರೆ. ಮನೆ ಅದೇ, ಗಂಡ ಅವನೇ, ಹೆಂಡತಿ ಮಾತ್ರ ಬೇರೆ. ತಮ್ಮ ಎರಡನ್ನೂ ಅಕ್ಕಪಕ್ಕ ತೋರಿಸಿದಾಗ ನನಗೆ ಯಾಕೋ ಕಸಿವಿಸಿಯಾಯಿತು. ಅವಳು ಇರುವ ಹಳೆಯ ಡಿಸ್ಕನ್ನು ಅವನು ಬಿಡುವುದಿಲ್ಲ ಅಂದರೆ ಈಗ ನನಗೆ ಅರ್ಥವಾಗುತ್ತದೆ. ಒಂದು ಸಂಕಲನದಲ್ಲಿ ಇದ್ದದ್ದು ಇನ್ನೊಂದರಲ್ಲಿ ಇರುವುದಿಲ್ಲ. ಒಂದರಲ್ಲಿ ಚಿತ್ರ ಹೊಸದಾಗಿ ಬರೆದಿರುತ್ತಾರೆ, ಒಂದರಲ್ಲಿ ಹಾಡು ಬದಲಾಗಿರುತ್ತದೆ. ನೋಡುವವರಿಗೆ ಒಂದೇ ಆಟ, ಬಲ್ಲವನಿಗೆ ನಾಲ್ಕು.

ಇನ್ನೊಂದು ಹೆಸರು ನಿಮಗೆ ಹೇಳಲೇಬೇಕು. 1982ರಲ್ಲಿ 'ರಿವರ್ ರೇಡ್' ಎಂಬ ಆಟ ಬರೆದವರು ಕ್ಯಾರಲ್ ಶಾ ಎಂಬ ಮಹಿಳೆ. ನದಿಯ ಮೇಲೆ ವಿಮಾನ ಹಾರಿಸುವ ಆಟ. ಇಡೀ ಆಟಕ್ಕೆ ಸಿಕ್ಕ ಜಾಗ ನಾಲ್ಕೇ ಕಿಲೋಬೈಟು. ನಮ್ಮ ಫೋನಿನ ಒಂದು ಫೋಟೋ ಇದರ ನೂರಾರು ಪಟ್ಟು. ಅಷ್ಟು ಉದ್ದದ ನದಿಯ ಚಿತ್ರ ಅದರಲ್ಲಿ ಹಿಡಿಸುವುದುಂಟೇ? ಆಕೆ ಚಿತ್ರವನ್ನು ತುಂಬಿಡಲಿಲ್ಲ, ನದಿ ಹುಟ್ಟುವ ಲೆಕ್ಕವನ್ನು ಇಟ್ಟರು. ಚುಕ್ಕಿ ರಂಗೋಲಿಯೂ ಹಾಗೇ ಅಲ್ಲವೇ? ಎಷ್ಟು ಚುಕ್ಕಿ, ಎಷ್ಟು ಸಾಲು ಎಂಬ ಲೆಕ್ಕ ತಲೆಯಲ್ಲಿದ್ದರೆ ಅಂಗಳದ ತುಂಬ ಬರೆಯಬಹುದು. 2002ರ 'ಆಕ್ಟಿವಿಷನ್ ಆಂಥಾಲಜಿ' ಸಂಕಲನದಲ್ಲಿ ಆ ಆಟ ಸೇರಿತು. ಹಾಗೆ ಸೇರಿದ್ದರಿಂದಲೇ ಇಪ್ಪತ್ತು ವರ್ಷದ ನಂತರದ ಹುಡುಗರ ಕೈಗೂ ಅದು ಬಂತು.

ಈಗ ನನ್ನ ಮಾತು. ಆಗ ನಮ್ಮ ಮನೆಯಲ್ಲಿ ನಾನೂ ತಮ್ಮನೂ ಜೊತೆಯಾಗಿ ಆಡುತ್ತಿದ್ದದ್ದು ಟ್ಯಾಂಕಿನ ಆಟ, 1985ರ 'ಬ್ಯಾಟಲ್ ಸಿಟಿ'. ಅವನು ಮುನ್ನುಗ್ಗಿ ಹೊಡೆಯುವವನು, ಕೆಳಗೆ ಇಟ್ಟಿಗೆ ಗೋಡೆಯ ನಡುವೆ ಕೂತ ಹಕ್ಕಿಯನ್ನು ಕಾಯುವುದು ನನ್ನ ಕೆಲಸ. ಅಷ್ಟರಲ್ಲಿ ಒಳಗಿನಿಂದ ಅಮ್ಮನ ಕೂಗು, "ಬಾರೇ, ಸಾರು ಕುದೀತಿದೆ ನೋಡು." ತಮ್ಮನನ್ನು ಯಾರೂ ಕರೆಯುತ್ತಿರಲಿಲ್ಲ. ನಾನು ಎದ್ದರೆ ಹಕ್ಕಿ ಹೋಗುತ್ತಿತ್ತು, ಆಟವೂ ಹೋಗುತ್ತಿತ್ತು. ನಿಮ್ಮಲ್ಲಿ ಎಷ್ಟು ಜನರ ಕತೆ ಇದು, ಹೇಳಿ?

ಅದೇ ಆಟ 2020ರ ಒಂದು ನ್ಯಾಮ್ಕೋ ಸಂಕಲನದಲ್ಲಿ ಇದೆ. ಈಚಿನ ಸಂಕಲನಗಳಲ್ಲಿ ಎರಡು ಸೌಕರ್ಯ ಸಾಮಾನ್ಯ: ಎಲ್ಲಿ ಬೇಕಾದರೂ ನಿಲ್ಲಿಸಿ, ನಿಲ್ಲಿಸಿದಲ್ಲಿಂದಲೇ ಮುಂದುವರಿಸಬಹುದು, ತಪ್ಪಾದರೆ ನಾಲ್ಕು ಹೆಜ್ಜೆ ಹಿಂದಕ್ಕೂ ಹೋಗಬಹುದು. ಹಳೇ ಗಟ್ಟಿಗರು ಇದನ್ನು ಮೋಸ ಅನ್ನುತ್ತಾರಂತೆ. ಅನ್ನಲಿ. ಅವರನ್ನು ಆಟದ ಮಧ್ಯೆ ಯಾರೂ ಸಾರಿಗೆ ಕರೆದಿರಲಾರರು. ಆ ವಾರ ನಾನು ಕುಕ್ಕರ್ ಕೂಗಿದಾಗ ಎದ್ದು ಹೋಗಿ, ಬಂದು ಕೂತು, ಮತ್ತೆ ಆಡಿದೆ. ಹಕ್ಕಿ ಇದ್ದಲ್ಲೇ ಇತ್ತು.

ಹಾಗೆಂದು ತಮ್ಮನ ಹೆಂಡತಿಯ ಕಣ್ಣೀರು ಸುಳ್ಳಲ್ಲ. ಅವಳ ಎದುರೇ ಅವನಿಗೆ ಹೇಳಿದೆ, "ನಿನ್ನ ಹುಚ್ಚಿಗೆ ಅರ್ಥ ಇದೆ ಮಾರಾಯ, ಆದರೆ ಲೆಕ್ಕವೂ ಇರಲಿ." ಅವಳಿಗೂ ಹೇಳಿದೆ, "ಕಪಾಟು ಅವನದೇ ಇರಲಿ, ಪುಸ್ತಕದ ಲೆಕ್ಕ ನಿನ್ನದು." ತಿಂಗಳಿಗೆ ಇಷ್ಟೇ ಎಂದು ಇಬ್ಬರೂ ಸೇರಿ ಗೊತ್ತುಮಾಡಿದರು. ಫೀಸಿನ ತಿಂಗಳು ಏನೂ ಇಲ್ಲ. ಹೊಸದು ಬರಬೇಕಾದರೆ, ಎರಡೆರಡು ಇರುವುದರಲ್ಲಿ ಒಂದನ್ನು ಮಾರಬೇಕು. ಒಪ್ಪಿದ್ದಾನೆ. ನಡೆಸುತ್ತಾನೋ ನೋಡಬೇಕು.

ನಿಮ್ಮ ಮನೆಯಲ್ಲೂ ಇಂಥ ಮಗನೋ ಮೈದುನನೋ ಇದ್ದರೆ ಈ ನಾಲ್ಕು ಮಾತು ಉಪಯೋಗಕ್ಕೆ ಬಂದೀತು:

ಕೊಳ್ಳುವ ಮುಂಚೆ ಪೆಟ್ಟಿಗೆಯ ಹಿಂದೆ ಓದಿ. ಕೆಲವು ಸಲ ಒಳಗೆ ಅರ್ಧ ಆಟ ಇದ್ದು, ಉಳಿದದ್ದಕ್ಕೆ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುವ ಚೀಟಿ ಮಾತ್ರ ಇರುತ್ತದೆ.

'ಇದೇ ಕೊನೆ ದಿನ' ಎಂಬುದಕ್ಕೆ ಮರುಳಾಗಬೇಡಿ. ನಿಂಟೆಂಡೋದವರು ಮೂರು ಮಾರಿಯೋ ಆಟಗಳ ಸಂಕಲನವೊಂದನ್ನು 2020ರ ಸೆಪ್ಟೆಂಬರಿನಲ್ಲಿ ತಂದು, 2021ರ ಮಾರ್ಚ್ 31ಕ್ಕೆ ಮಾರಾಟ ನಿಲ್ಲಿಸುತ್ತೇವೆ ಎಂದು ಮೊದಲೇ ಸಾರಿದ್ದರು. ಸೀರೆ ಅಂಗಡಿಯವರ ಉಪಾಯ ನಮಗೆ ಗೊತ್ತಿಲ್ಲವೇ!

ಇರುವುದರ ಪಟ್ಟಿಯನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ, ಯಾವ ಡಿಸ್ಕಿನಲ್ಲಿ ಯಾವ ಆಟ ಎಂಬ ಸಮೇತ.

ಮಲೆನಾಡು, ಕರಾವಳಿಯವರು ಡಿಸ್ಕುಗಳನ್ನು ಗೋಡೆಗೆ ತಾಗದ ಹಾಗೆ ನಿಲ್ಲಿಸಿಡಿ. ಮಳೆಗಾಲದಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣ ಜೊತೆಗಿರಲಿ. ಒರೆಸುವಾಗ ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಬಾಣಲೆ ಉಜ್ಜಿದ ಹಾಗೆ ಸುತ್ತ ಉಜ್ಜಬೇಡಿ.

ಮತ್ತೆ ಒಂದು ಸಂಜೆ ನೀವೂ ಕೈಗೆ ತೆಗೆದುಕೊಳ್ಳಿ. ಅವರಿಗೆ ಅಷ್ಟು ಪ್ರಿಯವಾದದ್ದರಲ್ಲಿ ಏನಿದೆ ಎಂದು ನೋಡಿದ ಮೇಲೆ ಆಡುವ ಜಗಳವಾದರೂ ಸ್ವಲ್ಪ ಹದವಾಗಿರುತ್ತದೆ.