ನೊಣಕ್ಕೊಂದು ಹೆಸರು

ಮಾಗಿದ ಬಾಳೆಹಣ್ಣು ಮನೆಯಲ್ಲಿ ಎರಡು ದಿನ ಉಳಿದರೆ ಸಾಕು, ಎಲ್ಲಿಂದಲೋ ಪುಟ್ಟ ನೊಣಗಳು ಬಂದು ಅದರ ಸುತ್ತ ಸುಳಿಯತೊಡಗುತ್ತವೆ. ಎರಡು ಮೂರು ಮಿಲಿಮೀಟರ್ ಉದ್ದದ ಮೈ, ಕೆಂಪು ಕಣ್ಣು, ಹಳದಿ ಬೆರೆತ ಕಂದು ಬಣ್ಣ. ಮನೆಯವರು ಕೈಬೀಸಿ ಅವನ್ನು ಓಡಿಸುತ್ತಾರೆಯೇ ಹೊರತು ಅವುಗಳ ಹೆಸರನ್ನು ಕೇಳುವುದಿಲ್ಲ. ಆದರೆ ಒಬ್ಬರಿಗೆ ತುಚ್ಛವಾಗಿ ಕಂಡದ್ದು ಮತ್ತೊಬ್ಬರಿಗೆ ಜೀವಮಾನದ ಜಿಜ್ಞಾಸೆಯಾಗುವುದುಂಟು. ಅಮೆರಿಕದ ವಿಜ್ಞಾನಿ ಆಲ್‌ಫ್ರೆಡ್ ಸ್ಟರ್ಟವಂಟರ ಪಾಲಿಗೆ ಈ ಹಣ್ಣಿನ ನೊಣ ಅಂಥದಾಯಿತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂಯಾರ್ಕ್ ನಗರದ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಎಂಬ ಪ್ರಾಧ್ಯಾಪಕರು ಈ ನೊಣಗಳನ್ನು ಸಾಕಿ, ಅನುವಂಶೀಯತೆಯ ನಿಯಮಗಳನ್ನು ಅರಸುತ್ತಿದ್ದರು. ಇಕ್ಕಟ್ಟಾದ ಒಂದು ಕೊಠಡಿ. ಅದರ ತುಂಬ ಹಾಲಿನ ಸೀಸೆಗಳು. ಸೀಸೆಗಳೊಳಗೆ ಬಾಳೆಹಣ್ಣು ಮತ್ತು ನೊಣಗಳು. ಜನ ಅದನ್ನು ‘ನೊಣದ ಕೊಠಡಿ’ ಎಂದೇ ಕರೆದರು. 1891ರಲ್ಲಿ ಜನಿಸಿದ ಸ್ಟರ್ಟವಂಟರು ವಿದ್ಯಾರ್ಥಿದೆಸೆಯಲ್ಲಿಯೇ ಅಲ್ಲಿಗೆ ಬಂದು ಸೇರಿದರು. ಕೆಂಪು ಮತ್ತು ಹಸಿರು ಬಣ್ಣಗಳ ಭೇದ ಅವರಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಕಣ್ಣಿನ ಬಣ್ಣವನ್ನು ನೋಡಿ ನೊಣಗಳನ್ನು ವಿಂಗಡಿಸಬೇಕಾದ ಕೊಠಡಿಯಲ್ಲಿ ಇದು ಸಾಮಾನ್ಯ ಕೊರತೆಯಲ್ಲ. ಆದರೂ ಅವರು ಎದೆಗುಂದಲಿಲ್ಲ. ವರ್ಣತಂತುವಿನಲ್ಲಿ ಜೀನುಗಳು ಯಾವ ಕ್ರಮದಲ್ಲಿ ಇವೆಯೆಂಬುದನ್ನು ತೋರಿಸುವ ಮೊದಲ ನಕ್ಷೆಯನ್ನು 1913ರಲ್ಲಿ ಪ್ರಕಟಿಸಿದವರು ಅವರೇ.

ಆ ಕೊಠಡಿಯಲ್ಲಿ ಸಾಕುತ್ತಿದ್ದ ನೊಣದ ಹೆಸರು ಡ್ರೊಸೊಫಿಲ ಮೆಲನೊಗ್ಯಾಸ್ಟರ್. ಕಪ್ಪು ಹೊಟ್ಟೆಯದು ಎಂಬ ಅರ್ಥದ ಈ ಹೆಸರನ್ನು ಮೈಗನ್ ಎಂಬ ಜರ್ಮನ್ ಕೀಟಶಾಸ್ತ್ರಜ್ಞರು 1830ರಲ್ಲಿ ಕೊಟ್ಟಿದ್ದರು. ಹೊರಗಿನಿಂದ ಹಿಡಿದು ತಂದ ನೊಣವೂ ಹಾಗೆಯೇ ಕಂಡರೆ ಅದಕ್ಕೂ ಅದೇ ಹೆಸರು ಸಲ್ಲುವುದು ಸಹಜ. ಆದರೆ ಹಾಗೆ ಕಾಣುವುದೆಲ್ಲ ಅದೇ ಆಗಿರಲಿಲ್ಲ. ಅದರ ಜೊತೆಗೆ ಇನ್ನೊಂದು ಪ್ರಭೇದವೂ ಅದೇ ಹಣ್ಣಿನ ಮೇಲೆ, ಅದೇ ವೇಷದಲ್ಲಿ ಬದುಕುತ್ತಿತ್ತು.

ಕಣ್ಣಿಗೆ ಕಾಣದ ಈ ಭೇದವನ್ನು ಸಂತಾನ ಬಯಲಿಗೆ ತಂದಿತು. ಮೆಲನೊಗ್ಯಾಸ್ಟರ್ ಹೆಣ್ಣನ್ನು ಆ ಇನ್ನೊಂದು ಪ್ರಭೇದದ ಗಂಡಿನೊಡನೆ ಕೂಡಿಸಿದರೆ ಹೆಣ್ಣು ಸಂತತಿ ಮಾತ್ರ ಉಳಿಯುತ್ತದೆ. ತಾಯಿ ತಂದೆಯರನ್ನು ಅದಲುಬದಲು ಮಾಡಿದರೆ ಬಹುಮಟ್ಟಿಗೆ ಗಂಡು ಸಂತತಿಯೇ. ಎರಡು ಬಗೆಯ ಸಂಕರ ಸಂತತಿಗೂ ಮುಂದೆ ಮರಿಗಳಾಗುವುದಿಲ್ಲ. ಒಂದೇ ಪ್ರಭೇದದ ನೊಣಗಳಾಗಿದ್ದರೆ ವಂಶ ಹೀಗೆ ನಿಲ್ಲಲು ಕಾರಣವಿಲ್ಲ.

ಭೇದವಿದೆಯೆಂದು ತಿಳಿದ ಮೇಲೆ ಅದರ ಗುರುತು ಮೈಯ ಮೇಲೆ ಎಲ್ಲಿದೆಯೆಂದು ಹುಡುಕಬೇಕಾಯಿತು. ರೆಕ್ಕೆಯನ್ನು ನೋಡಿದರೆ ಒಂದೇ ಬಗೆ. ಬೆನ್ನಿನ ರೋಮಗಳೂ ಒಂದೇ ಬಗೆ. ಕೊನೆಗೆ ಗಂಡುನೊಣದ ಉದರದ ತುದಿಯಲ್ಲಿ, ಕೆಳಭಾಗದಲ್ಲಿ ಅಡಗಿದ ಒಂದು ಸಣ್ಣ ಭಾಗ ಆ ಗುಟ್ಟನ್ನು ಬಿಟ್ಟುಕೊಟ್ಟಿತು. ಮೆಲನೊಗ್ಯಾಸ್ಟರಿನಲ್ಲಿ ಅದು ಕಿರಿದಾದ ಕೊಕ್ಕೆಯಂತಿದೆ. ಇನ್ನೊಂದರಲ್ಲಿ ಕಪ್ಪೆಚಿಪ್ಪಿನಂತೆ ಅಗಲವಾಗಿ, ದುಂಡಗಿದೆ. ಬಣ್ಣವನ್ನು ನೆಚ್ಚಲಾರದ ಕಣ್ಣಿಗೆ ಆಕಾರ ಆಸರೆಯಾಯಿತು. 1919ರಲ್ಲಿ ಸ್ಟರ್ಟವಂಟರು ಈ ಹೊಸ ಪ್ರಭೇದವನ್ನು ಲೋಕಕ್ಕೆ ಪರಿಚಯಿಸಿ, ಅದಕ್ಕೆ ಡ್ರೊಸೊಫಿಲ ಸಿಮ್ಯುಲನ್ಸ್ ಎಂದು ಹೆಸರಿಟ್ಟರು. ಸಿಮ್ಯುಲನ್ಸ್ ಎಂದರೆ ಅನುಕರಿಸುವುದು ಎಂದರ್ಥ.

ಇಷ್ಟು ಸಣ್ಣ ಭೇದಕ್ಕೆ ಇಷ್ಟೊಂದು ಶ್ರಮವೇಕೆ ಎಂದು ಕೇಳಬಹುದು. ಸೀಸೆಯ ಮೇಲೆ ಒಂದು ಹೆಸರಿದ್ದು ಒಳಗೆ ಬೇರೊಂದು ನೊಣವಿದ್ದರೆ ಲೆಕ್ಕವೆಲ್ಲ ತಪ್ಪುತ್ತದೆ. ಸಂತತಿಯಲ್ಲಿ ಗಂಡುಗಳು ಕಾಣೆಯಾದುದಕ್ಕೆ ಇಲ್ಲದ ನಿಯಮವೊಂದನ್ನು ಕಟ್ಟಬೇಕಾಗುತ್ತದೆ. ತಪ್ಪು ಚೀಟಿಯೊಂದು ವರ್ಷಗಳ ದುಡಿಮೆಯನ್ನು ನೀರುಪಾಲು ಮಾಡಬಲ್ಲದು.

ಹೆಣ್ಣುನೊಣದ ಸಮಸ್ಯೆ ಇನ್ನೂ ಕಠಿನವಾದುದು. ಹೊರರೂಪವೊಂದನ್ನೇ ನೋಡಿ ಈ ಎರಡು ಪ್ರಭೇದಗಳ ಹೆಣ್ಣುಗಳನ್ನು ಖಚಿತವಾಗಿ ಬೇರ್ಪಡಿಸುವುದು ನುರಿತವರಿಗೂ ಬಹು ಕಷ್ಟ. ಅದು ಜೀವಂತವಾಗಿದ್ದರೆ ಸೀಸೆಯಲ್ಲಿಟ್ಟು, ಮೊಟ್ಟೆಯಿಡಲು ಬಿಟ್ಟು, ಹುಟ್ಟುವ ಗಂಡುನೊಣವನ್ನು ಪರೀಕ್ಷಿಸುತ್ತಾರೆ. ಮಗನನ್ನು ನೋಡಿ ತಾಯಿಯ ಗುರುತು ಹಿಡಿಯುತ್ತಾರೆ. ಸತ್ತ ನೊಣವಾದರೆ ಇಂದು ಡಿಎನ್ಎ ಪರೀಕ್ಷೆ ನೆರವಿಗೆ ಬರುತ್ತದೆ. ಅಂಥ ಅನುಕೂಲವಿಲ್ಲದ ಕಡೆ ಪ್ರಾಮಾಣಿಕನಾದ ಸಂಗ್ರಾಹಕ ಚೀಟಿಯಲ್ಲಿ ಎರಡು ಹೆಸರುಗಳನ್ನೂ ಬರೆದು, ‘ಇವೆರಡರಲ್ಲಿ ಒಂದು’ ಎಂದು ನಿಲ್ಲಿಸುತ್ತಾನೆ. ಊಹೆಯಿಂದ ಒಂದನ್ನು ಆರಿಸಿ ಬರೆದರೆ ಚೀಟಿಯೇನೋ ಪೂರ್ತಿಯಾಗಿ ಕಾಣುತ್ತದೆ. ಆದರೆ ಅದನ್ನು ನಂಬಿ ಮುಂದುವರಿದವನು ಮೋಸಹೋಗುತ್ತಾನೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿಯೂ ಡ್ರೊಸೊಫಿಲ ನೊಣಗಳನ್ನು ಪೀಳಿಗೆಯಿಂದ ಪೀಳಿಗೆಗೆ ಕಾಪಾಡಿಕೊಂಡು ಬರುವ ಕೇಂದ್ರವೊಂದಿದೆ. ಅಂಥ ಕಡೆಗಳಲ್ಲಿ ಸಾಲಾಗಿ ನಿಂತ ಸೀಸೆಗಳನ್ನು ಕಂಡವರಿಗೆ ನೊಣಗಳೆಲ್ಲ ಒಂದೇ ಎನಿಸಬಹುದು. ಪ್ರತಿ ಸೀಸೆಯ ಮೇಲಿನ ಚೀಟಿ ಮಾತ್ರ ಬೇರೆ ಮಾತನ್ನು ಹೇಳುತ್ತದೆ. ಯಾರೋ ಒಬ್ಬರು ತಾಳ್ಮೆಯಿಂದ ನೋಡಿ, ತಮಗೆ ತಿಳಿದಷ್ಟನ್ನೇ ಬರೆದಿದ್ದಾರೆಂಬ ಭರವಸೆಯ ಮೇಲೆ ಮುಂದಿನವರು ಆ ಸೀಸೆಯನ್ನು ಕೈಗೆತ್ತಿಕೊಳ್ಳುತ್ತಾರೆ.