ಹದಿನಾಲ್ಕು ಗಂಟೆ ಕತ್ತಲೆ

ಪಾಯಿನ್‌ಸೆಟಿಯಾ ಅಂದರೆ ನಮ್ಮ ಮೂಡಿಗೆರೆ ಕಡೆಯವರಿಗೆ ತಟ್ಟನೆ ಗೊತ್ತಾಗಲಿಕ್ಕಿಲ್ಲ. ಡಿಸೆಂಬರಿನಲ್ಲಿ ಕಾಫಿ ತೋಟದ ಗೇಟಿನ ಪಕ್ಕ ಆಳೆತ್ತರ ಬೆಳೆದು, ತುದಿಗೆಲ್ಲ ಕುಂಕುಮ ಮೆತ್ತಿಕೊಂಡ ಹಾಗೆ ನಿಂತಿರುತ್ತದಲ್ಲ, ಆ ಗಿಡ ಅಂದರೆ "ಓ, ಅದಾ" ಅನ್ನುತ್ತಾರೆ. ನಮ್ಮನೆಯಲ್ಲಿ ಅದಕ್ಕೆ ಕೆಂಪೆಲೆ ಗಿಡ ಅಂತಲೇ ಹೆಸರು. ಅದಕ್ಕೆ ಯಾರಾದರೂ ನೀರು ಹಾಕಿದ್ದನ್ನು ನಾನು ನೋಡಿಲ್ಲ. ಮಳೆ ಹಿಡಿದ ಮೇಲೆ ಒಂದು ಕೊಂಬೆ ಕಡಿದು ಬೇಲಿ ಸಾಲಿಗೆ ಚುಚ್ಚಿದರೆ ಅದರ ಆರೈಕೆ ಮುಗಿಯಿತು.

ಅದೇ ಗಿಡವನ್ನು 2021ರ ಡಿಸೆಂಬರಿನಲ್ಲಿ ಡೊಂಬಿವಲಿ ಸ್ಟೇಷನ್ನಿನ ಹೊರಗೆ 250 ರೂಪಾಯಿ ಕೊಟ್ಟು ತಂದೆ. ಗೇಣುದ್ದದ ಗಿಡ, ಸುತ್ತ ಬಂಗಾರದ ಬಣ್ಣದ ಜರಿ ಕಾಗದ. ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ನನ್ನ ಜೊತೆ ಬರುವ ವಸಾಯಿ ಕಡೆಯ ಗೆಳತಿಯೊಬ್ಬಳು ಮೊದಲೇ ಹೇಳಿದ್ದಳು: ಮನೆಗೆ ಹೋದ ಕೂಡಲೇ ಆ ಕಾಗದ ಕಿತ್ತು ಬಿಸಾಕು. ಅದರೊಳಗೆ ನೀರು ನಿಂತು ಬೇರು ಕೊಳೆಯುತ್ತದೆ. ಕ್ರಿಸ್‌ಮಸ್ ಗಿಡಗಳಲ್ಲಿ ಬಹಳಷ್ಟು ಸಾಯುವುದು ನೀರಿಲ್ಲದೆ ಅಲ್ಲ, ಪ್ರೀತಿಯಿಂದ ದಿನಾ ಸುರಿದ ನೀರಿನಿಂದ. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಚುಚ್ಚಿ ನೋಡಬೇಕು, ಒಣಗಿದ್ದರೆ ಮಾತ್ರ ಹಾಕಬೇಕು, ತಟ್ಟೆಗೆ ಇಳಿದದ್ದನ್ನು ಚೆಲ್ಲಬೇಕು. ಇಷ್ಟು ಮಾಡಿದ್ದಕ್ಕೆ ಗಿಡ ಬದುಕಿತು. ಫೆಬ್ರವರಿ ಕಳೆಯುವಾಗ ಕೆಂಪೆಲ್ಲ ಉದುರಿತು. ಮಾರ್ಚಿನಲ್ಲಿ ನಾಲ್ಕೈದು ಇಂಚು ಬಿಟ್ಟು ಮೇಲಿನದನ್ನು ಕತ್ತರಿಸಿದೆ. ಬಿಳಿ ಹಾಲು ಬಳಬಳ ಸುರಿಯಿತು. ಹೊಸ ಚಿಗುರು ಬಂತು. ಆದರೆ ಎಲ್ಲ ಹಸಿರು.

ಅಮ್ಮ ಬಂದದ್ದು 2022ರ ಜೂನಿನಲ್ಲಿ. ಅಪ್ಪ ಹೋಗಿ ವರ್ಷಾಂತಿಕ ಮುಗಿದಿತ್ತು. ಊರಿನ ಮನೆಯಲ್ಲಿ ಒಬ್ಬಳೇ ಇರುವುದು ಬೇಡ ಅಂತ ನಾನೂ ಅಮೆರಿಕದ ಅಣ್ಣನೂ ಸೇರಿ ತೀರ್ಮಾನ ಮಾಡಿದ್ದೆವು. ತೀರ್ಮಾನ ನಮ್ಮದು, ಬಂದವಳು ಅವಳು. ಮನೆ, ಹಿತ್ತಲು, ಎರಡೆಕರೆ ಕಾಫಿ ಎಲ್ಲ ಮಾರಿ ಅವಳ ಹೆಸರಿಗೆ ಬ್ಯಾಂಕಿನಲ್ಲಿ ಇಡುವುದು ಅಣ್ಣನ ಯೋಚನೆ. ಅಮ್ಮ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ.

ಬಂದ ದಿನವೇ ಬಾಲ್ಕನಿಯ ಗಿಡ ನೋಡಿ, "ಇದಕ್ಕೆ ದುಡ್ಡು ಕೊಟ್ಯಾ?" ಅಂದಳು. ಆಮೇಲೆ, "ಹಾಲು ಬರೋ ಗಿಡ ಮನೆಯೊಳಗೆ ಇಡ್ತಾರೇನೇ? ಇದು ಕಳ್ಳಿ ಜಾತಿ."

ಜಾತಿ ಹಿಡಿದದ್ದು ಸರಿಯಾಗಿಯೇ ಇತ್ತು. ಯುಫೋರ್ಬಿಯಾ ಅನ್ನುವ ಕುಲಕ್ಕೆ ನಮ್ಮ ಬೇಲಿಯ ಕಳ್ಳಿಯೂ ಸೇರುತ್ತದೆ, ಇದೂ ಸೇರುತ್ತದೆ. ಅದರ ಹಾಲಿನಷ್ಟು ಇದು ಉಗ್ರವಲ್ಲ. ತಿಂದರೆ ಸತ್ತೇಹೋಗುತ್ತಾರೆ ಅನ್ನುವುದು ಬರೀ ಸುದ್ದಿ, ಆದರೂ ಮೈಗೆ ತಾಗಿದರೆ ಕೆಲವರಿಗೆ ತುರಿಸುತ್ತದೆ, ಮಕ್ಕಳು ಬಾಯಿಗೆ ಹಾಕಿಕೊಂಡರೆ ಹೊಟ್ಟೆ ಕೆಡಬಹುದು. ಕೆಂಪಗಿರುವುದು ಹೂವಲ್ಲ, ಎಲೆಯೇ. ನಡುವೆ ಅರಿಸಿನ ಬಣ್ಣದ ಸಣ್ಣ ಗುಂಡುಗಳಿರುತ್ತವಲ್ಲ, ಹೂವು ಅಲ್ಲಿದೆ. ಇದರ ತವರು ಮೆಕ್ಸಿಕೋ. ಅಲ್ಲಿಗೆ ಅಮೆರಿಕದ ರಾಯಭಾರಿಯಾಗಿ ಹೋಗಿದ್ದ ಜೋಯೆಲ್ ಪಾಯಿನ್‌ಸೆಟ್ ಎಂಬಾತ 1820ರ ದಶಕದ ಕೊನೆಗೆ ಗಿಡಗಳನ್ನು ತನ್ನ ದೇಶಕ್ಕೆ ಕಳಿಸಿದ, ಇಂಗ್ಲಿಷಿನಲ್ಲಿ ಅವನ ಹೆಸರೇ ನಿಂತಿತು. ಅಮ್ಮನಿಗೆ ಇದನ್ನೆಲ್ಲ ಹೇಳಿದರೆ, "ಹೆಸರು ಯಾರದ್ದಾದರೇನು, ನಮ್ಮ ಬೇಲೀಲಿ ಬೆಳೀತಿತ್ತು" ಅಂದಳು.

ಮಳೆಗಾಲದಲ್ಲಿ ಕುಡಿ ಚಿವುಟಿದರೆ ಗಿಡ ಪೊದೆಯಾಗುತ್ತದೆ. ಜುಲೈಯಲ್ಲಿ ಚಿವುಟಿದೆ. ಬಿದ್ದ ಕುಡಿಗಳನ್ನು ಅಮ್ಮ ಆರಿಸಿಕೊಂಡು, ಹಾಲು ತೊಳೆದು, ಐಸ್‌ಕ್ರೀಮ್ ಡಬ್ಬಿಗೆ ತೂತು ಹೊಡೆದು ನೆಟ್ಟಳು. ಐದರಲ್ಲಿ ಮೂರು ಹಿಡಿದವು. ಕಳ್ಳಿ ಜಾತಿಯ ಆಕ್ಷೇಪ ಅಲ್ಲಿಗೆ ನಿಂತಿತು.

ಅವಳಿಗೆ ಇಲ್ಲಿ ಕಷ್ಟವಾದದ್ದು ಬೆಳಕು. ಸದ್ದು ಅಲ್ಲ, ಜನ ಅಲ್ಲ, ಬೆಳಕು. ನಮ್ಮದು ಮೂರನೇ ಮಹಡಿ, ಬೀದಿ ದೀಪ ಬಾಲ್ಕನಿಯ ಎದುರಿಗೇ. ಎದುರು ಬಿಲ್ಡಿಂಗಿನ ಗೇಟಿನಲ್ಲೂ ಬೆಳಗಿನವರೆಗೆ ದೊಡ್ಡ ಲೈಟು. ಪರದೆ ಎಳೆದರೂ ಗೋಡೆಯ ಮೇಲೆ ಹಳದಿ ಪಟ್ಟಿ ಬೀಳುತ್ತಿತ್ತು. "ಇಲ್ಲಿ ರಾತ್ರಿಯೇ ಆಗೋದಿಲ್ವಲ್ಲೇ" ಅನ್ನುತ್ತಿದ್ದಳು. ಮುಂಬಯಿಯವರು ರಾತ್ರಿಯನ್ನು ಕತ್ತಲೆಗೆ ಬಿಟ್ಟುಕೊಟ್ಟದ್ದು ಯಾವಾಗ? ನನ್ನ ಮಾವನವರು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿದವರು. ಅಂಥ ಎಷ್ಟೋ ಮಂದಿಗೆ ಈ ಊರಿನ ದೀಪ ಅನ್ನ ಕೊಟ್ಟಿದೆ. ಆದರೆ ಮಲಗಿದರೆ ಕಣ್ಣೆದುರಿಗೆ ಕೈ ಕಾಣದಂಥ ಕತ್ತಲೆಯಲ್ಲಿ ಅರವತ್ತೆಂಟು ವರ್ಷ ನಿದ್ದೆ ಮಾಡಿದವಳಿಗೆ ಅದನ್ನು ಹೇಗೆ ಹೇಳುವುದು?

ಗಿಡಕ್ಕೂ ಬೇಕಾದದ್ದು ಅದೇ. ಇದು ರಾತ್ರಿಯನ್ನು ಅಳೆಯುವ ಗಿಡ. ರಾತ್ರಿ ಉದ್ದವಾಗುತ್ತ ಬಂದರೆ ಮೊಗ್ಗು ಕಟ್ಟುತ್ತದೆ, ಅದರ ಸುತ್ತಲಿನ ಎಲೆ ಕೆಂಪಾಗುತ್ತದೆ. ಊರಿನ ಬೇಲಿಯಲ್ಲಿ ಅದು ತಾನಾಗಿ ಆಗುತ್ತದೆ, ಏಕೆಂದರೆ ಅಲ್ಲಿ ರಾತ್ರಿ ರಾತ್ರಿಯಾಗಿಯೇ ಇರುತ್ತದೆ. ದೀಪ ಇರುವ ಕಡೆ ನಾವೇ ಕತ್ತಲೆ ಮಾಡಿಕೊಡಬೇಕು: ದಿನಕ್ಕೆ ಸುಮಾರು ಹದಿನಾಲ್ಕು ಗಂಟೆ, ಎಂಟರಿಂದ ಹತ್ತು ವಾರ. ನಡುವೆ ಬೆಳಕು ತಾಗುತ್ತಿದ್ದರೆ ಗಿಡದ ಲೆಕ್ಕ ತಪ್ಪುತ್ತದೆ. ಹಗಲು ಮಾತ್ರ ಚೆನ್ನಾಗಿ ಬಿಸಿಲು ಬೇಕು. ಅಂದರೆ ಸಂಜೆ ಆರಕ್ಕೆ ಮುಚ್ಚಬೇಕು, ಬೆಳಿಗ್ಗೆ ಎಂಟಕ್ಕೆ ತೆಗೆಯಬೇಕು. ನಾನು ಏಳೂಕಾಲಿಗೆ ಮನೆ ಬಿಟ್ಟರೆ ತಿರುಗಿ ಬರುವುದು ರಾತ್ರಿ ಎಂಟಕ್ಕೆ. ಇದು ನನ್ನಿಂದ ಆಗುವ ಕೆಲಸವೇ ಅಲ್ಲ.

"ನಾನಿದೀನಲ್ಲ" ಅಂದಳು ಅಮ್ಮ.

2022ರ ವಿಜಯದಶಮಿಯ ಮರುದಿನ ಶುರುವಾಯಿತು. ಮಿಕ್ಸಿ ಬಂದಿದ್ದ ರಟ್ಟಿನ ಬಾಕ್ಸು, ಅದರ ಸಂದುಗಳಿಗೆ ಕಂದು ಟೇಪು, ಮೇಲೆ ಅಪ್ಪನ ಹಳೇ ಕಪ್ಪು ಕೊಡೆಯ ಬಟ್ಟೆ. ಆರು ಗಂಟೆಗೆ ದೇವರ ದೀಪ ಹಚ್ಚುವುದು, ಗಿಡದ ದೀಪ ಆರಿಸುವುದು, ಎರಡನ್ನೂ ಒಟ್ಟಿಗೆ ಮಾಡುತ್ತಿದ್ದಳು. ನನ್ನ ಗಂಡ ಇದಕ್ಕೆ 'ಅತ್ತೆಯ ವ್ರತ' ಅಂತ ಹೆಸರಿಟ್ಟರು. ದೀಪಾವಳಿಗೆ ಬಿಲ್ಡಿಂಗಿನವರೆಲ್ಲ ಬಾಲ್ಕನಿಗೆ ಆಕಾಶಕಂದೀಲು ಕಟ್ಟಿದರೆ, ನಮ್ಮದು ಅಡುಗೆಮನೆ ಕಿಟಕಿಗೆ ಹೋಯಿತು. ಅಮ್ಮನ ಆಜ್ಞೆ. ಪಕ್ಕದ ಮನೆಯ ಮರಾಠಿ ಅಜ್ಜಿ ಸಂಜೆ ವಾಕಿಂಗ್ ಕರೆದರೆ, ಕನ್ನಡದಲ್ಲೇ, "ಬಾಕ್ಸು, ಬಾಕ್ಸು" ಅಂದು ಕೈ ತೋರಿಸುತ್ತಿದ್ದಳಂತೆ. ಆ ಅಜ್ಜಿಯೂ ಬಂದು ಕೂತು ನೋಡತೊಡಗಿದರು. ಒಬ್ಬರ ಭಾಷೆ ಒಬ್ಬರಿಗೆ ಬಾರದೆ ಅಷ್ಟು ಹೊತ್ತು ಏನು ಮಾತಾಡುತ್ತಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ನವೆಂಬರಿನಲ್ಲಿ ಎಲೆಯಡಿಯಲ್ಲಿ ಹತ್ತಿಯಂಥ ಬಿಳಿ ಹಿಟ್ಟುಹುಳ ಕಂಡಿತು. ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಅಮ್ಮ ಒಂದೊಂದೇ ಎಲೆ ಒರೆಸಿದಳು. ಹಿಂದೆ ನಮ್ಮ ಮುಖ ಒರೆಸುತ್ತಿದ್ದ ಹಾಗೆ, ಗದರಿಸುತ್ತ. ಅದೇ ವಾರ ಅಣ್ಣ ಫೋನು ಮಾಡಿದ. ಮನೆಗೆ ಗಿರಾಕಿ ಸಿಕ್ಕಿದ್ದಾರೆ, ಒಳ್ಳೆ ರೇಟು, ಅಮ್ಮ ಒಮ್ಮೆ ಊರಿಗೆ ಹೋಗಿ ರುಜು ಹಾಕಬೇಕು ಅಂದ. ಅಮ್ಮ ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡು, "ಈಗ ಹೇಗೆ ಹೋಗೋದಪ್ಪ, ಗಿಡ ನಡುವಲ್ಲಿದೆ" ಅಂದಳು. ಅಣ್ಣನಿಗೆ ಏನೂ ತಿಳಿಯಲಿಲ್ಲ. ನನಗೆ ತಿಳಿಯಿತು. ಆದರೆ ನಾನು ಬಾಯಿ ಹಾಕಲಿಲ್ಲ. ಗಿರಾಕಿ ಡಿಸೆಂಬರ್‌ವರೆಗೆ ಕಾದು ಬೇರೆ ಕಡೆ ನೋಡಿಕೊಂಡ.

ಕ್ರಿಸ್‌ಮಸ್ಸಿಗೆ ಗಿಡ ಕೆಂಪಾಗಲಿಲ್ಲ. ರಾತ್ರಿ ಸೆಕೆಯಿದ್ದರೆ ಬಣ್ಣ ತಡವಾಗುತ್ತದೆ, ಮುಂಬಯಿಯ ಸುತ್ತಮುತ್ತ ಅಕ್ಟೋಬರ್ ಅಂದರೆ ಇನ್ನೊಂದು ಬೇಸಿಗೆಯೇ. ಮೊದಲು ಎಲೆಯ ನರಗಳಲ್ಲಿ ಗುಲಾಬಿ ಛಾಯೆ ಕಂಡಿತು. ಜನವರಿ ಮೊದಲ ವಾರ ನಾನು ಆಫೀಸಿನಲ್ಲಿದ್ದಾಗ ಅಮ್ಮ ಫೋನು ಮಾಡಿ, "ಆಯ್ತು ಕಣೇ" ಅಂದಳು. ಒಂದು ನಿಮಿಷ ನನಗೆ ಏನೋ ಆಗಿಹೋಯಿತು ಅಂತಲೇ ಗಾಬರಿ.

ಸಂಕ್ರಾಂತಿಗೆ ಪಕ್ಕದ ಅಜ್ಜಿಗೆ ಎಳ್ಳು ಬೆಲ್ಲ ಕೊಟ್ಟಳು. ಮರುದಿನ, "ಇನ್ನು ನಾನು ಹೊರಡ್ತೀನಿ" ಅಂದಳು. ಕೇಳುವ ಧಾಟಿಯಲ್ಲಿ ಅಲ್ಲ. ನಾನು ವಾದ ಮಾಡಿದೆ, ಎರಡು ದಿನ ಮಾತು ಬಿಟ್ಟೆ. ಒಬ್ಬಳೇ ಬಿದ್ದರೆ ಎತ್ತುವವರು ಯಾರು ಅಂತ ಕೇಳಿದೆ. "ಇಲ್ಲಿ ಹಗಲು ಹೊತ್ತು ಬಿದ್ದರೆ ಯಾರಿದಾರೆ?" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ತೋಟದ ಕೆಲಸಕ್ಕೆ ಬರುವ ಹೆಂಗಸು ರಾತ್ರಿ ಮನೆಯಲ್ಲೇ ಮಲಗುವ ಏರ್ಪಾಡಾಯಿತು. ಠಾಣೆಯಲ್ಲಿ ಮತ್ಸ್ಯಗಂಧಾ ಹತ್ತಿಸಿದೆವು. ಡಬ್ಬಿಯ ಮೂರು ಸಸಿಗಳಲ್ಲಿ ಒಂದು ಅವಳ ಕಾಲಡಿಯಲ್ಲಿತ್ತು.

"ಊರಲ್ಲಿ ಬೇಲಿ ತುಂಬ ಇದೆಯಲ್ಲಮ್ಮ?"

"ಇದು ಕುಳ್ಳ ಜಾತಿ. ಅಲ್ಲಿಲ್ಲ."

ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತಿ, ಕೊಟ್ಟಿಗೆಹಾರದಲ್ಲಿ ಬಸ್ಸು ಇಳಿಯುವವರೆಗೂ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳಂತೆ.

ನರ್ಸರಿಯವರು ಕುಂಡದ ಗಿಡ ಉದ್ದ ಹೋಗದಂತೆ ಬೆಳವಣಿಗೆ ತಡೆಯುವ ಔಷಧ ಹೊಡೆಯುವುದುಂಟು. ಅದರ ಪ್ರಭಾವ ಹೆಚ್ಚು ಕಾಲ ಇರುವುದಿಲ್ಲ. ನೆಲ ಸಿಕ್ಕಿದ ಆ ಸಸಿ ಎರಡು ಮಳೆಗಾಲದಲ್ಲಿ ಕಿಟಕಿ ಮುಟ್ಟಿತು. "ನಿನ್ನ ಕುಳ್ಳಿ ನನಗಿಂತ ಉದ್ದ ಆಗಿದಾಳೆ" ಅಂತ ಅಮ್ಮ ಫೋನಿನಲ್ಲಿ ದೂರುತ್ತಾಳೆ. ಇಲ್ಲಿ ನನ್ನದಕ್ಕೆ ಈಗ ಸಂಜೆ ಬಾಕ್ಸು ಮುಚ್ಚುವುದು ಪಕ್ಕದ ಮನೆಯ ಅಜ್ಜಿ. ಕೀಲಿ ಅವರ ಹತ್ತಿರ ಇದೆ. ಅಣ್ಣ ಈ ಡಿಸೆಂಬರಿನಲ್ಲಿ ಬರುತ್ತಾನೆ, ಮನೆಯ ವಿಷಯ ಮತ್ತೆ ತೆಗೆದಿದ್ದಾನೆ. ಅಮ್ಮ ಅವನಿಗೆ ಹೇಳಿದ್ದಾಳೆ: ಬಾ, ಗಿಡ ಕೆಂಪಾಗಿರುತ್ತೆ, ಮೊದಲು ಅದನ್ನು ನೋಡು.