ಚಂದ್ರಗಿರಿ ಹೊಳೆಯಾಚೆಯ ಅಡುಗೆಮನೆ

ಮಂಗಳೂರಿನಿಂದ ಕಾಸರಗೋಡಿಗೆ ಬಸ್ಸಿನಲ್ಲಿ ಹೋಗುವವರಿಗೆ ಒಂದು ಭಾಷೆ ಮುಗಿದು ಇನ್ನೊಂದು ಆರಂಭವಾದದ್ದು ಗೊತ್ತೇ ಆಗುವುದಿಲ್ಲ. ತಲಪಾಡಿ ದಾಟಿದ ಮೇಲೆ ಅಂಗಡಿಗಳ ಬೋರ್ಡಿನಲ್ಲಿ ಮಲಯಾಳ ಕಾಣಿಸಿಕೊಳ್ಳುತ್ತದೆ. ಬಸ್ಸಿನೊಳಗೆ ಮಾತ್ರ ತುಳು, ಬ್ಯಾರಿ, ಕನ್ನಡ, ಮಲಯಾಳ ಎಲ್ಲವೂ ಒಂದೇ ಸೀಟಿನಲ್ಲಿ ಕುಳಿತು ಮಾತಾಡುತ್ತಿರುತ್ತವೆ. ಆದರೆ ಕಾಸರಗೋಡು ಪೇಟೆಯನ್ನು ಬಿಟ್ಟು ಚಂದ್ರಗಿರಿ ಸೇತುವೆ ಏರಿದರೆ ನಿಜವಾಗಿಯೂ ಒಂದು ಗಡಿ ದಾಟಿದಂತಾಗುತ್ತದೆ. ತುಳುನಾಡಿನ ತೆಂಕಣ ಎಲ್ಲೆ ಈ ಹೊಳೆಯೇ ಎಂದು ಹಿರಿಯರು ಹೇಳುತ್ತಿದ್ದರು. ಆಚೆ ದಡದ ಗುಡ್ಡದ ಮೇಲೆ ಹದಿನೇಳನೇ ಶತಮಾನದಲ್ಲಿ ಇಕ್ಕೇರಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ ಇದೆ.

ಈ ಸಲದ ರಜೆಯಲ್ಲಿ ನಾನು ಹೋದದ್ದು ಕೋಟೆ ನೋಡಲಿಕ್ಕಲ್ಲ. ಮೇಲ್ಪರಂಬದಿಂದ ಒಳಕ್ಕೆ ಇನ್ನೊಂದು ಬಸ್ಸು ಹಿಡಿದರೆ ನಮ್ಮ ಮೂತ್ತಮ್ಮನ ಊರು ಸಿಗುತ್ತದೆ. ಒಂದು ಮಸೀದಿ, ಒಂದು ರೇಷನ್ ಅಂಗಡಿ, ಎರಡು ಹೋಟೆಲು, ಒಂದು ಹೈಸ್ಕೂಲು. ಊರವರು ಅದನ್ನೇ ಪೇಟೆ ಎನ್ನುತ್ತಾರೆ. ಅಲ್ಲಿಂದ ಮುರಕಲ್ಲಿನ ಮೆಟ್ಟಿಲು ಹತ್ತಿದರೆ ಮೂತ್ತಮ್ಮನ ಮನೆ. ಆಟೋ ಕೆಳಗಿನ ರಸ್ತೆಯಲ್ಲೇ ನಿಲ್ಲುತ್ತದೆ. ಅಕ್ಕಿಚೀಲವಾಗಲಿ ಗ್ಯಾಸ್ ಸಿಲಿಂಡರಾಗಲಿ, ಅಲ್ಲಿಂದ ಮೇಲಕ್ಕೆ ಯಾರಾದರೂ ಹೊತ್ತೇ ತರಬೇಕು.

ನಾನು ಸಲಾಂ ಹೇಳಿ ಒಳಗೆ ಹೋದಾಗ ಮೂತ್ತಮ್ಮ ಹಿಂದಿನ ಚಾವಡಿಯಲ್ಲಿ ಕಟ್ಟಿಗೆ ಒಲೆ ಊದುತ್ತಿದ್ದರು. ಕುಚ್ಚಲಕ್ಕಿ ಬೇಯುತ್ತಿತ್ತು. ಗ್ಯಾಸಿನ ಒಲೆ ಇಲ್ಲವೆಂದಲ್ಲ. ಪತ್ತಿರಿಗೆ, ಚಹಾಕ್ಕೆ, ಸಾರಿಗೆ ಅದೇ. ಬಹಳ ಹೊತ್ತು ಬೇಯುವ ಅನ್ನಕ್ಕೆ ಮಾತ್ರ ಗೆರಟೆ, ಮಡಲು, ಸೌದೆ. ಸಿಲಿಂಡರು ಬೇಗ ಮುಗಿದರೆ ಹೊತ್ತು ತರುವವರನ್ನು ಹುಡುಕಬೇಕಲ್ಲ ಎಂಬ ಲೆಕ್ಕ. ಹಳ್ಳಿಯ ಮನೆಗಳ ಈ ಲೆಕ್ಕ ನಮ್ಮ ಓದುಗ ಸಹೋದರಿಯರಲ್ಲಿ ಹಲವರಿಗೆ ಗೊತ್ತೇ ಇದೆ.

ಸುಲೈಮಾನಿ ಕುಡಿದ ಮೇಲೆ ಅವರು ನನ್ನನ್ನು ತೋಟಕ್ಕೆ ಕರೆದುಕೊಂಡು ಹೋದರು. ತೆಂಗು, ಅಡಿಕೆಯ ನಡುವೆ ರಸ್ತೆಯಂತೆ ಒಂದು ಪಟ್ಟಿ ಬಯಲಾಗಿದೆ. ಅಲ್ಲಿ ಹುಲ್ಲು ಮಾತ್ರ. ತುದಿಯಲ್ಲಿ ಎಚ್ಚರಿಕೆ ಬರೆದ ಗುರುತುಕಂಬ.

"ಇದರಡಿಯಲ್ಲಿ ಬೆಂಕಿ ಹೋಗ್ತದೆ ಮೋಳೇ. ಮೇಲೆ ನಾನು ಸೌದೆ ಹೆಕ್ಕುತ್ತೇನೆ" ಎಂದು ಅವರು ನಕ್ಕರು.

ಅದು ಕೊಚ್ಚಿಯಿಂದ ಮಂಗಳೂರಿಗೆ ಬರುವ ನೈಸರ್ಗಿಕ ಅನಿಲದ ಕೊಳವೆ. ಉದ್ದ ಸುಮಾರು 450 ಕಿಲೋಮೀಟರ್. ಕೊಚ್ಚಿಯ ಪುದುವೈಪಿನ್ ಟರ್ಮಿನಲ್ 2013ರಲ್ಲಿ ಆರಂಭವಾಯಿತು. ವಿದೇಶಗಳಿಂದ ಹಡಗಿನಲ್ಲಿ ಅನಿಲ ಅಲ್ಲಿಗೆ ದ್ರವರೂಪದಲ್ಲಿ ಬರುತ್ತದೆ. ಸೊನ್ನೆಗಿಂತ 162 ಡಿಗ್ರಿ ಕೆಳಗೆ ತಣಿಸಿದರೆ ಅನಿಲ ದ್ರವವಾಗಿ ಸುಮಾರು 600ರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಕುಗ್ಗುತ್ತದೆ. ಟರ್ಮಿನಲ್ಲಿನಲ್ಲಿ ಅದನ್ನು ಮತ್ತೆ ಬಿಸಿ ಮಾಡಿ ಅನಿಲವಾಗಿಸಿ ಕೊಳವೆಗೆ ಬಿಡುತ್ತಾರೆ. 2004ರಿಂದ ಭಾರತಕ್ಕೆ ಹೀಗೆ ದ್ರವ ಅನಿಲ ಕಳುಹಿಸುತ್ತಾ ಬಂದ ದೇಶಗಳಲ್ಲಿ ಕತಾರ್ ಮುಖ್ಯವಾದುದು. ಮೂತ್ತಮ್ಮನ ಕಿರಿಯ ಮಗ ದುಡಿಯುವುದೂ ಕತಾರಿನಲ್ಲೇ. "ಅವನೂ ಹಾಗೇ, ಊರಿಗೆ ಬಂದರೂ ಮನೆಯಲ್ಲಿ ನಿಲ್ಲುವುದಿಲ್ಲ" ಎಂದರು.

ಈ ಕೊಳವೆ ಸುಲಭದಲ್ಲಿ ಬಂದದ್ದಲ್ಲ. ಸಣ್ಣ ಸಣ್ಣ ಹಿತ್ತಿಲುಗಳ ಮೇಲೆ ಹಾದುಹೋಗುವ ದಾರಿ ಅದು. ಮನೆಯ ಪಕ್ಕದಲ್ಲಿ ಅನಿಲ ಹೋದರೆ ಮಕ್ಕಳ ಗತಿ ಏನು, ಉಳಿದ ಐದು ಹತ್ತು ಸೆಂಟ್ಸ್ ಜಾಗದ ಬೆಲೆ ಏನು ಎಂದು ಜನ ಕೇಳಿದರು. 2017ರ ನವೆಂಬರಿನಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಮುಕ್ಕಂ ಬಳಿಯ ಎರಂಞಿಮಾವಿನಲ್ಲಿ ಪ್ರತಿಭಟನೆ ಘರ್ಷಣೆಗೆ ತಿರುಗಿ ಪೊಲೀಸರು ಲಾಠಿ ಬೀಸಿದರು. ಕೊನೆಯ ದೊಡ್ಡ ತೊಡಕು ನಮ್ಮ ಚಂದ್ರಗಿರಿ ಹೊಳೆಯೇ. ನದಿಯ ತಳಕ್ಕಿಂತಲೂ ಕೆಳಗೆ ಅಡ್ಡಲಾಗಿ ಕೊರೆದು ಕೊಳವೆ ತೂರಿಸುವ ಕೆಲಸ ಮುಗಿದದ್ದು 2020ರ ನವೆಂಬರಿನಲ್ಲಿ. 2021ರ ಜನವರಿ 5ರಂದು ಪ್ರಧಾನಿ ನರೇಂದ್ರ ಮೋದಿ ಕೊಳವೆಮಾರ್ಗವನ್ನು ಉದ್ಘಾಟಿಸಿದರು.

ಮೂತ್ತಮ್ಮನ ಮನೆಯ ಜಾಗ ಅವರ ತಂದೆಯಿಂದ ಪಾಲಿಗೆ ಬಂದದ್ದು, ಅವರದೇ ಹೆಸರಿನಲ್ಲಿದೆ. ನೋಟೀಸು ಬಂದಾಗ ಮನೆಯ ಗಂಡಸರೆಲ್ಲ ಬೇಡ ಎಂದರಂತೆ. ಇವರು ಒಪ್ಪಿದರು. ಮರಗಳಿಗೆ, ಜಾಗಕ್ಕೆ ಪರಿಹಾರವೂ ಸಿಕ್ಕಿತು. ಆದರೆ ಕಾಯಿ ಕೊಡುತ್ತಿದ್ದ ಏಳು ತೆಂಗಿನ ಮರ ಒಂದೇ ದಿನ ಉರುಳಿದವು. ರಾತ್ರಿ ಊಟದ ನಂತರ ಮೆಲ್ಲನೆ ಕೇಳಿದರು: "ನಾನು ಒಪ್ಪಿದ್ದು ತಪ್ಪಾಯಿತೇ? ನೀನು ಓದಿದವಳು, ಹೇಳು."

ನನಗೆ ಗೊತ್ತಿದ್ದುದನ್ನು ಹೇಳಿದೆ. 1962ರ ಕಾನೂನಿನ ಪ್ರಕಾರ ಸರಕಾರ ಪಡೆಯುವುದು ಜಾಗವನ್ನಲ್ಲ, ಅದರಡಿಯಲ್ಲಿ ಕೊಳವೆ ಹಾಕುವ ಹಕ್ಕನ್ನು. ಜಾಗ ಇಂದಿಗೂ ಅವರದೇ. ತರಕಾರಿ ಬೆಳೆಯಬಹುದು, ಮನೆ ಕಟ್ಟಬಾರದು, ಮರ ನೆಡಬಾರದು. ಆಕ್ಷೇಪ ಸಲ್ಲಿಸಲು 21 ದಿನಗಳ ಅವಕಾಶವಿತ್ತು. ಆದರೆ ಆಕ್ಷೇಪವನ್ನು ಒಪ್ಪುವುದು ಬಿಡುವುದು ಅಧಿಕಾರಿಗೆ ಬಿಟ್ಟದ್ದು. ಇವರು ಬೇಡ ಎಂದ ಮಾತ್ರಕ್ಕೆ ಕೊಳವೆ ನಿಲ್ಲುತ್ತಿರಲಿಲ್ಲ.

"ಹಾಗಾದರೆ ನಮ್ಮ ಒಲೆಗೆ ಯಾಕೆ ಬರುವುದಿಲ್ಲ?"

ಇದು ಆ ಊರಿನ ಹೆಂಗಸರೆಲ್ಲರ ಪ್ರಶ್ನೆ. ಉತ್ತರ ಅನಿಲದ ಒತ್ತಡದಲ್ಲಿದೆ. ದೊಡ್ಡ ಕೊಳವೆಯಲ್ಲಿ ಅನಿಲ ಹರಿಯುವುದು ನಮ್ಮ ಸುತ್ತಲಿನ ಗಾಳಿಯ ಒತ್ತಡಕ್ಕಿಂತ ಹತ್ತಾರು ಪಟ್ಟು ಹೆಚ್ಚಿನ ಒತ್ತಡದಲ್ಲಿ. ಅಡುಗೆಯ ಒಲೆಗೆ ಬೇಕಾದದ್ದು ಕೇವಲ 21 ಮಿಲಿಬಾರ್. ಪ್ರೆಶರ್ ಕುಕ್ಕರಿನ ಒಳಗಿನ ಒತ್ತಡಕ್ಕೆ ಹೋಲಿಸಿದರೂ ಅದು ತೀರಾ ಅಲ್ಪ. ಆದ್ದರಿಂದ ಹಿತ್ತಿಲಲ್ಲಿ ಹೋಗುವ ಕೊಳವೆಗೆ ನಳ್ಳಿ ಇಡಲಾಗದು. ಗೊತ್ತುಪಡಿಸಿದ ಜಾಗದಲ್ಲಿ ಮಾತ್ರ ಅನಿಲ ತೆಗೆದು, ನಿಲ್ದಾಣದಲ್ಲಿ ಒತ್ತಡ ಇಳಿಸಬೇಕು. ಅದಕ್ಕೆ ಸ್ವತಃ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದು ವಾಸನೆಯ ದ್ರವ್ಯ ಬೆರೆಸಬೇಕು. ಅಲ್ಲಿಂದ ರಸ್ತೆಯುದ್ದಕ್ಕೂ ಬೇರೆಯೇ ಸಣ್ಣ ಕೊಳವೆಗಳನ್ನು ಹೂಳಿ, ಪ್ರತಿ ಮನೆಗೂ ರೆಗ್ಯುಲೇಟರ್, ಮೀಟರ್ ಇಡಬೇಕು.

ಈ ಕೆಲಸಕ್ಕೆ ಜಿಲ್ಲೆಗಳನ್ನು ಹಂಚಿ 2018ರಲ್ಲಿ ಕಂಪೆನಿಗಳಿಗೆ ವಹಿಸಲಾಯಿತು. ದಕ್ಷಿಣ ಕನ್ನಡವೂ ಕಾಸರಗೋಡೂ ಆ ಪಟ್ಟಿಯಲ್ಲಿದ್ದವು. ಮಂಗಳೂರಿನ ಫ್ಲ್ಯಾಟಿನಲ್ಲಿರುವ ನನ್ನ ಸಹೋದ್ಯೋಗಿಯ ಮನೆಗೆ ಅನಿಲ ಬಂದಿದೆ. ಒಂದು ಕಟ್ಟಡಕ್ಕೆ ಒಂದು ಕೊಳವೆ ಎಳೆದರೆ ನಲವತ್ತು ಅಡುಗೆಮನೆ ಸಿಗುತ್ತದೆ. ನಮ್ಮ ಮೂತ್ತಮ್ಮನ ಊರಿನಲ್ಲಿ ಮನೆಗೊಂದು ಹಿತ್ತಿಲು, ಹಿತ್ತಿಲಿಗೊಂದು ಗುಡ್ಡ. ಅಷ್ಟೇ ಉದ್ದದ ಕೊಳವೆ ಎಳೆದರೆ ನಾಲ್ಕು ಮನೆ. ಖರ್ಚಿನ ಲೆಕ್ಕದಲ್ಲಿ ಸಣ್ಣ ಊರು ಯಾವಾಗಲೂ ಕೊನೆಗೆ ನಿಲ್ಲುತ್ತದೆ. ಜಾಗ ಕೊಡುವ ಸರದಿಯಲ್ಲಿ ಮಾತ್ರ ಅದು ಮೊದಲು.

ಬಂದ ಮೇಲೆ ಏನು ಬದಲಾಗುತ್ತದೆ ಎಂದೂ ಕೇಳಿದರು. ಸಿಲಿಂಡರ್ ಬುಕ್ ಮಾಡುವ, 14.2 ಕಿಲೋ ಅನಿಲ ತುಂಬಿದ ಕಬ್ಬಿಣವನ್ನು ಮೆಟ್ಟಿಲು ಹತ್ತಿಸುವ ಚಿಂತೆ ಇರುವುದಿಲ್ಲ. ಉರಿಸಿದಷ್ಟಕ್ಕೆ ಬಿಲ್ಲು. ಒಲೆಯ ಬರ್ನರಿನ ಜೆಟ್ ಬದಲಿಸಬೇಕು, ಅದರ ರಂಧ್ರ ದೊಡ್ಡದಿರಬೇಕು. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡಿ ನಿಲ್ಲುತ್ತದೆ. ಇದು ಹಗುರ, ಮೇಲಕ್ಕೆ ಏರುತ್ತದೆ. ಆದ್ದರಿಂದ ಅಡುಗೆಮನೆಯ ಮೇಲ್ಭಾಗದ ಗಾಳಿಕಿಂಡಿಯನ್ನು ಮುಚ್ಚಬಾರದು. ಯಾವುದೇ ಗ್ಯಾಸಿನ ವಾಸನೆ ಬಂದರೂ ಸ್ವಿಚ್ ಮುಟ್ಟದೆ, ವಾಲ್ವ್ ಮುಚ್ಚಿ, ಕಿಟಕಿ ಬಾಗಿಲು ತೆರೆದು ಹೊರಗೆ ಬರಬೇಕು.

ಅವರು ಎಲ್ಲವನ್ನೂ ಗಮನವಿಟ್ಟು ಕೇಳಿದರು. ಅವರ ಮೊದಲ ಪ್ರಶ್ನೆಗೆ ಮಾತ್ರ ನಾನು ಸರಿಯಾದ ಉತ್ತರ ಕೊಟ್ಟಿರಲಿಲ್ಲ. ಮರುದಿನ ಹೊರಡುವಾಗ ಹೇಳಿದೆ: "ತಪ್ಪಾಗಲಿಲ್ಲ ಮೂತ್ತಮ್ಮಾ. ಆದರೆ ಕೊಟ್ಟವರು ಕೇಳುವುದನ್ನು ನಿಲ್ಲಿಸಬಾರದು." ನಾವಿಬ್ಬರೂ ಕುಳಿತು ಪಂಚಾಯತಿಗೆ ಒಂದು ಅರ್ಜಿ ಬರೆದೆವು. ನಮ್ಮ ವಾರ್ಡಿಗೆ ಅನಿಲದ ಸಂಪರ್ಕ ಯಾವ ವರ್ಷದ ಯೋಜನೆಯಲ್ಲಿದೆ ಎಂದು ಕೇಳುವ ನಾಲ್ಕು ಸಾಲು. ಅವರು ಸಹಿ ಹಾಕಿದರು. ನೆರೆಮನೆಯ ಹೆಂಗಸರ ಸಹಿಯನ್ನೂ ತಾನೇ ಪಡೆಯುತ್ತೇನೆಂದು ಕಾಗದವನ್ನು ಮಡಚಿ ಇಟ್ಟುಕೊಂಡರು.

ಕೆಳಗಿನ ರಸ್ತೆಗೆ ಇಳಿದು ಹಿಂದಿರುಗಿ ನೋಡಿದೆ. ತೆಂಗಿನ ಮರಗಳ ಮೇಲೆ ಹೊಗೆ ಏಳುತ್ತಿತ್ತು. ಮಧ್ಯಾಹ್ನದ ಕುಚ್ಚಲಕ್ಕಿ ಒಲೆಯ ಮೇಲಿತ್ತು.